ಮೆಸೇಜ್ ತೆರೆಯುವ ಮೊದಲೇ ಫೋನ್ ಕೈತಪ್ಪುವುದು ಹೇಗೆ: ಸ್ಟೇಜ್‌ಫ್ರೈಟ್‌ನಿಂದ ಬಿಗ್‌ವೇವ್‌ವರೆಗೆ

2026ರ ಜನವರಿಯಲ್ಲಿ ಭದ್ರತಾ ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡ ಪಿಕ್ಸೆಲ್ 9 ಫೋನಿನ ಮೇಲೆ ನಡೆಯಬಹುದಾದ ಒಂದು ದಾಳಿಯನ್ನು ಮೂರು ಕಂತುಗಳಲ್ಲಿ ವಿವರಿಸಿತು. ಫೋನಿಗೆ ಒಂದು ಆಡಿಯೊ ಮೆಸೇಜ್ ಬರುತ್ತದೆ. ಫೋನಿನವರು ಅದನ್ನು ತೆರೆಯಬೇಕಾಗಿಲ್ಲ, ಪ್ಲೇ ಮಾಡಬೇಕಾಗಿಲ್ಲ, ಫೋನ್ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದರೂ ಸಾಕು. ಅಲ್ಲಿಂದ ಎರಡು ಹೆಜ್ಜೆ ಇಟ್ಟರೆ ಕರ್ನಲ್. ಅಂದರೆ ಕ್ಯಾಮೆರಾ, ಮೈಕ್, ಫೋಟೊ, ಎಲ್ಲ ಆ್ಯಪ್‌ಗಳ ಮೇಲೂ ಹಿಡಿತ ಇರುವ ಜಾಗ. ಮೊದಲ ಹೆಜ್ಜೆಗೆ ದಾರಿ ಮಾಡಿಕೊಟ್ಟಿದ್ದು ಆಡಿಯೊ ಡಿಕೋಡರ್‌ನಲ್ಲಿದ್ದ ದೋಷ. ಎರಡನೇ ಹೆಜ್ಜೆಗೆ, ವಿಡಿಯೊ ಡಿಕೋಡ್ ಮಾಡುವ ಹಾರ್ಡ್‌ವೇರ್‌ನ ಡ್ರೈವರ್‌ನಲ್ಲಿ, ಅಂದರೆ ಆ ಹಾರ್ಡ್‌ವೇರ್ ಜೊತೆ ಮಾತಾಡುವ ಪ್ರೋಗ್ರಾಂನಲ್ಲಿ, ಇದ್ದ ದೋಷ.

ಬ್ಯಾಂಕ್ ಆ್ಯಪ್ ಅಲ್ಲ, ಬ್ರೌಸರ್ ಅಲ್ಲ, ವಿಡಿಯೊ ಓಡಿಸುವ ಡ್ರೈವರ್. ಅದೇ ಯಾಕೆ ಅಂತ ತಿಳಿಯಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ಡಿಕೋಡರ್ ಏನು ಮಾಡುತ್ತದೆ ಅಂತ ನೋಡೋಣ. ಸೆಕೆಂಡಿಗೆ 30 ಚಿತ್ರಗಳ ಫುಲ್ ಎಚ್‌ಡಿ ವಿಡಿಯೊವನ್ನು ಕುಗ್ಗಿಸದೆ ಹಾಗೇ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 5.6 ಜಿಬಿ ಬೇಕು. ಅದನ್ನು ಯಾರೂ ಕಳಿಸಲಾರರು, ಅದಕ್ಕೇ ಎಚ್.264, ಎವಿ1 ತರಹದ ಕೋಡೆಕ್‌ಗಳು ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಇಟ್ಟುಕೊಂಡು ಫೈಲನ್ನು ಚಿಕ್ಕದು ಮಾಡುತ್ತವೆ. ಅದನ್ನು ಮತ್ತೆ ಬಿಡಿಸುವುದು ಡಿಕೋಡರ್ ಕೆಲಸ. ಬಿಡಿಸಲು ಅದಕ್ಕೆ ಲೆಕ್ಕ ಬೇಕು: ಚಿತ್ರ ಎಷ್ಟು ಅಗಲ, ಎಷ್ಟು ಹಳೆಯ ಚಿತ್ರಗಳನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಭಾಗ ಎಷ್ಟು ಬೈಟ್ ಇದೆ. ಈ ಎಲ್ಲ ಲೆಕ್ಕವೂ ಫೈಲ್ ಒಳಗೇ ಇರುತ್ತದೆ. ಅಂದರೆ ಫೈಲ್ ಕಳಿಸಿದವನು ಬರೆದ ಲೆಕ್ಕ. ಅದನ್ನು ಪರೀಕ್ಷಿಸದೆ ನಂಬಿದರೆ, ಡಿಕೋಡರ್ ತನಗೆ ಮೀಸಲಾದ ಮೆಮೊರಿ ಬಿಟ್ಟು ಪಕ್ಕದ ಮೆಮೊರಿಗೂ ಬರೆಯುತ್ತದೆ. ಪಕ್ಕದಲ್ಲಿ ಏನಿದೆ ಅಂತ ಮೊದಲೇ ಲೆಕ್ಕ ಹಾಕಿದವನಿಗೆ ಅಷ್ಟು ಸಾಕು.

2015ರ ಜುಲೈನಲ್ಲಿ ಇದು ಮೊದಲ ಸಲ ಜಗತ್ತಿಗೆಲ್ಲ ಗೊತ್ತಾಗುವ ಹಾಗೆ ಸುದ್ದಿಯಾಯಿತು. ಮೊಬೈಲ್ ಭದ್ರತೆಯ ಝಿಂಪೀರಿಯಂ ಕಂಪನಿಯ ಜೋಶುವಾ ಡ್ರೇಕ್ ಆಂಡ್ರಾಯ್ಡ್‌ನ ಮೀಡಿಯಾ ಲೈಬ್ರರಿ ಸ್ಟೇಜ್‌ಫ್ರೈಟ್‌ನಲ್ಲಿ ಒಂದಲ್ಲ, ಹಲವು ದೋಷ ಕಂಡುಹಿಡಿದಿದ್ದರು. ಆಂಡ್ರಾಯ್ಡ್ 2.2ರಿಂದ ಈಚಿನ ಫೋನ್‌ಗಳೆಲ್ಲ, ಅವರ ಅಂದಾಜಿನಲ್ಲಿ 95 ಕೋಟಿ ಫೋನ್‌ಗಳು, ಇದರ ವ್ಯಾಪ್ತಿಗೆ ಬರುತ್ತಿದ್ದವು. ಆಗಿನ ಮೆಸೇಜ್ ಆ್ಯಪ್‌ಗಳು ಎಂಎಂಎಸ್‌ನಲ್ಲಿ ಬಂದ ವಿಡಿಯೊವನ್ನು ತಾವೇ ಇಳಿಸಿಕೊಂಡು, ಥಂಬ್‌ನೇಲ್ ತೋರಿಸಲೆಂದು ತಾವೇ ಬಿಡಿಸಿ ನೋಡುತ್ತಿದ್ದವು. ಹಾಗಾಗಿ ಫೋನ್ ನಂಬರ್ ಗೊತ್ತಿದ್ದರೆ ಸಾಕಿತ್ತು.

ಅದರಲ್ಲಿ ಒಂದು ದೋಷವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಇಡೀ ಕಥೆ ಅದರಲ್ಲಿದೆ. ಎಂಪಿ4 ಫೈಲ್ ಅಂದರೆ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ತಲೆಯಲ್ಲಿ ಅದರ ಗಾತ್ರ, ನಾಲ್ಕು ಅಕ್ಷರದ ಹೆಸರು. ಸಬ್‌ಟೈಟಲ್ ಇಡುವ ಪೆಟ್ಟಿಗೆಯ ಹೆಸರು ಟಿಎಕ್ಸ್3ಜಿ. ಅಂಥ ಎರಡನೇ ಪೆಟ್ಟಿಗೆ ಸಿಕ್ಕಾಗ ಕೋಡ್ ಏನು ಮಾಡುತ್ತಿತ್ತು ಅಂದರೆ, ಮೊದಲೇ ಓದಿದ್ದರ ಗಾತ್ರಕ್ಕೆ ಹೊಸದರ ಗಾತ್ರ ಕೂಡಿಸಿ, ಅಷ್ಟು ಮೆಮೊರಿ ಕೇಳಿ, ಹಳೆಯದನ್ನು ಅದಕ್ಕೆ ನಕಲು ಮಾಡುತ್ತಿತ್ತು. 32 ಬಿಟ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 4,29,49,67,295. ಕೂಡಿಸಿದ್ದು ಅದನ್ನು ದಾಟಿದರೆ, ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ಆದಮೇಲೆ ಸೊನ್ನೆಗೆ ತಿರುಗುವ ಹಾಗೆ, ಮೊತ್ತ ಚಿಕ್ಕದಾಗಿಬಿಡುತ್ತದೆ. ಚಿಕ್ಕ ಜಾಗ ಸಿಗುತ್ತದೆ, ನಕಲು ಮಾಡುವುದು ಮಾತ್ರ ದೊಡ್ಡದು. ಉಳಿದದ್ದು ಪಕ್ಕಕ್ಕೆ ಹರಿಯುತ್ತದೆ.

ಗೂಗಲ್ ಇದಕ್ಕೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಕೋಡ್, ಕೊಟ್ಟಿತು, ನಾಲ್ಕೇ ಸಾಲಿನದು. ಕೂಡಿಸುವ ಮೊದಲು ಮೊತ್ತ ಮಿತಿ ದಾಟುತ್ತದಾ ಅಂತ ನೋಡುವ ಸಾಲುಗಳು. ಆದರೆ ಎಂಪಿ4ರಲ್ಲಿ ಪೆಟ್ಟಿಗೆಯ ಗಾತ್ರವನ್ನು 64 ಬಿಟ್‌ನಲ್ಲೂ ಬರೆಯಬಹುದು. 32 ಬಿಟ್‌ನ ಮಿತಿಯಿಂದ 64 ಬಿಟ್‌ನ ದೊಡ್ಡ ಸಂಖ್ಯೆ ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗಬೇಕು, ಆದರೆ ಋಣ ಸಂಖ್ಯೆ ಇಲ್ಲದ ಲೆಕ್ಕದಲ್ಲಿ ಅದು ಭಾರೀ ದೊಡ್ಡ ಸಂಖ್ಯೆಯಾಗಿ ತಿರುಗುತ್ತದೆ, ಪರೀಕ್ಷೆ ಪಾಸಾಗುತ್ತದೆ, ಆಮೇಲೆ ಮೆಮೊರಿ ಕೇಳುವ ಹೊತ್ತಿಗೆ ಮತ್ತೆ 32 ಬಿಟ್‌ಗೆ ಕತ್ತರಿಸಿಕೊಂಡು ಹಳೇ ಸಮಸ್ಯೆಯೇ ಎದುರಿಗೆ ಬಂದು ನಿಲ್ಲುತ್ತದೆ. ಎಕ್ಸೋಡಸ್ ಇಂಟೆಲಿಜೆನ್ಸ್ ಕಂಪನಿಯವರು ಇದನ್ನು 2015ರ ಆಗಸ್ಟ್‌ನಲ್ಲೇ ಬಯಲು ಮಾಡಿದರು. ಆ ದೋಷದ ನಂಬರ್ ಸಿವಿಇ-2015-3864. ಜಗತ್ತೆಲ್ಲ ನೋಡುತ್ತಿದ್ದಾಗಲೂ, ಅನುಭವಿಗಳು ಬರೆದ ನಾಲ್ಕು ಸಾಲು ತಪ್ಪಿದವು. ಸಿ, ಸಿ++ ಭಾಷೆಗಳಲ್ಲಿ ಇಂಥ ಲೆಕ್ಕ ಸರಿಯಾಗಿಡುವುದು ಅಷ್ಟು ಕಷ್ಟ. ಪ್ರೋಗ್ರಾಮರ್ ಹುಷಾರಾಗಿದ್ದರೆ ಆಯಿತು ಅನ್ನುವವರಿಗೆ ನಾನು ಇದೊಂದನ್ನೇ ತೋರಿಸುತ್ತೇನೆ.

ಸ್ಟೇಜ್‌ಫ್ರೈಟ್‌ನಿಂದ ಒಳ್ಳೆಯದೂ ಆಯಿತು. ಆಂಡ್ರಾಯ್ಡ್‌ಗೆ ತಿಂಗಳಿಗೊಂದು ಭದ್ರತಾ ಪ್ಯಾಚ್ ಕೊಡುವ ಪದ್ಧತಿ ಶುರುವಾದದ್ದು ಆ ಆಗಸ್ಟ್‌ನಲ್ಲೇ. ಅಲ್ಲಿಯವರೆಗೆ ಮೀಡಿಯಾಸರ್ವರ್ ಅನ್ನುವ ಒಂದೇ ಪ್ರೋಗ್ರಾಂ ಕ್ಯಾಮೆರಾ, ಮೈಕ್, ಡಿಕೋಡರ್ ಎಲ್ಲವನ್ನೂ ಹಿಡಿದುಕೊಂಡಿತ್ತು, ಅದರಲ್ಲಿ ತೂತು ಬಿದ್ದರೆ ಎಲ್ಲವೂ ಹೋದಂತೆ. 2016ರ ಆಂಡ್ರಾಯ್ಡ್ 7ರಲ್ಲಿ ಅದನ್ನು ಬೇರೆ ಬೇರೆ ತುಂಡು ಮಾಡಿ, ಒಂದೊಂದಕ್ಕೂ ತನಗೆ ಬೇಕಾದಷ್ಟೇ ಅನುಮತಿ ಕೊಟ್ಟರು. 2019ರ ಆಂಡ್ರಾಯ್ಡ್ 10ರಲ್ಲಿ ಸಾಫ್ಟ್‌ವೇರ್ ಕೋಡೆಕ್‌ಗಳನ್ನು ಇನ್ನೂ ಬಿಗಿಯಾದ ಸ್ಯಾಂಡ್‌ಬಾಕ್ಸ್‌ಗೆ, ಅಂದರೆ ಹೊರಗಿನದನ್ನು ಸುಲಭವಾಗಿ ಮುಟ್ಟಲಾಗದ ಆವರಣಕ್ಕೆ, ಹಾಕಿದರು. ಫೈಲ್‌ನ ದೋಷ ತಪ್ಪಿಸಲು ಆಗದಿದ್ದರೂ ಅದರ ಹಾನಿ ಆ ಗೋಡೆಯೊಳಗೇ ನಿಲ್ಲಲಿ ಅನ್ನುವುದು ಲೆಕ್ಕಾಚಾರ.

ಹಾಗಂತ ಇಂಥ ದೋಷಗಳು ನಿಲ್ಲಲಿಲ್ಲ. 2019ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್‌ನಲ್ಲೂ ಎಂಪಿ4 ಫೈಲ್ ಓದುವ ಕಡೆ ಇಂಥದ್ದೇ ದೋಷ ಸಿಕ್ಕಿತು, ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಎಚ್ಚರಿಕೆ ಕೊಟ್ಟಿತು. ಬೆಳಗಾದರೆ ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್ ವಿಡಿಯೊ ಬಂದು ಬೀಳುವ ದೇಶ ನಮ್ಮದು ಅಲ್ವಾ.

ಈ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. 4ಕೆ ವಿಡಿಯೊವನ್ನು ಮುಖ್ಯ ಪ್ರೊಸೆಸರ್‌ನಲ್ಲೇ ಬಿಡಿಸಿದರೆ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದಕ್ಕೇ ಚಿಪ್ ಒಳಗೆ ವಿಡಿಯೊಗೆಂದೇ ಬೇರೆ ಹಾರ್ಡ್‌ವೇರ್ ಇರುತ್ತದೆ. ಅದರ ಜೊತೆ ಮಾತಾಡಲು ಡ್ರೈವರ್ ಬೇಕು, ಡ್ರೈವರ್ ಇರುವುದು ಕರ್ನಲ್‌ನಲ್ಲಿ. ಎಷ್ಟೇ ಬಿಗಿ ಸ್ಯಾಂಡ್‌ಬಾಕ್ಸ್ ಕಟ್ಟಿದರೂ ಈ ಡ್ರೈವರ್‌ಗೆ ಒಂದು ಕಿಂಡಿ ಬಿಡಲೇಬೇಕು, ಇಲ್ಲದಿದ್ದರೆ ವಿಡಿಯೊ ಓಡುವುದಿಲ್ಲ. ಈ ಕಿಂಡಿಯೇ ಇವತ್ತಿನ ಸಮಸ್ಯೆಯ ಬೇರು ಅಂತ ನನ್ನ ನಂಬಿಕೆ. ಚಿಪ್ ಕಂಪನಿ ಮೀಡಿಯಾಟೆಕ್‌ನ ತಿಂಗಳ ಭದ್ರತಾ ಬುಲೆಟಿನ್ ತೆಗೆದರೆ ವಿಡೆಕ್ ಅನ್ನುವ ಹೆಸರು, ಕ್ವಾಲ್‌ಕಾಮ್‌ನದು ತೆಗೆದರೆ ವಿಡಿಯೊ ಅನ್ನುವ ಹೆಸರು ಮತ್ತೆ ಮತ್ತೆ ಸಿಗುತ್ತದೆ.

ಐಫೋನ್‌ನಲ್ಲೂ ಇದೇ ಪಾಡು. ಅಲ್ಲಿನ ಆ್ಯಪಲ್‌ಎವಿಡಿ ಡ್ರೈವರ್ ಎಚ್.264ರ ಹೆಡರ್‌ಗಳನ್ನು, ಅಂದರೆ ವಿಡಿಯೊದ ಲೆಕ್ಕ ಬರೆದಿರುವ ಭಾಗವನ್ನು, ಕರ್ನಲ್ ಒಳಗೇ ಓದುತ್ತದೆ. 2022ರ ಮಾರ್ಚ್ 31ರಂದು ಆ್ಯಪಲ್ ಐಒಎಸ್ 15.4.1 ಬಿಟ್ಟಿತು. ಸಿವಿಇ-2022-22675 ಅನ್ನುವ ದೋಷವನ್ನು ಯಾರೋ ಆಗಲೇ ಬಳಸಿರಬಹುದು ಅಂತ ಕಂಪನಿಯೇ ಹೇಳಿತು. ದೋಷ ಇದ್ದದ್ದು ಎಲ್ಲಿ? ಎಚ್.264 ನಿಯಮದ ಪ್ರಕಾರ ಹೆಡರ್‌ನ ಒಂದು ಪಟ್ಟಿಯಲ್ಲಿ ಹೆಚ್ಚೆಂದರೆ 32 ನಮೂದು ಇರಬಹುದು. ಡ್ರೈವರ್ 32ಕ್ಕೇ ಜಾಗ ಇಟ್ಟುಕೊಂಡಿತ್ತು, ಆದರೆ ಫೈಲ್ ಅದಕ್ಕಿಂತ ಜಾಸ್ತಿ ಹೇಳಿದರೆ ತಡೆಯಲಿಲ್ಲ. ಮುಂದಿನ ವರ್ಷ ವಿಲ್ಲಿ ವಾಸ್ಕೆಜ್, ಸ್ಟೀಫನ್ ಚೆಕೊವೇ, ಹೋವಾವ್ ಷಾಚಮ್ ಅನ್ನುವ ಸಂಶೋಧಕರು ಎಚ್26ಫೋರ್ಜ್ ಎಂಬ ಸಾಧನ ಮಾಡಿ, ವ್ಯಾಕರಣ ಸರಿಯಿದ್ದು ಲೆಕ್ಕ ಮಾತ್ರ ಕೆಟ್ಟ ವಿಡಿಯೊಗಳನ್ನು ತಯಾರಿಸಿ ಡಿಕೋಡರ್‌ಗಳಿಗೆ ತಿನ್ನಿಸಿದರು. ಐಫೋನ್ ಕರ್ನಲ್‌ನಲ್ಲೂ ದೋಷಗಳು ಹೊರಬಂದವು. ಸುಮ್ನೆ ಅಡ್ಡಾದಿಡ್ಡಿ ಬೈಟ್ ಬದಲಿಸಿ ಪರೀಕ್ಷಿಸಿದರೆ ಡಿಕೋಡರ್ ಮೊದಲ ಹೆಜ್ಜೆಯಲ್ಲೇ ಫೈಲನ್ನು ತಿರಸ್ಕರಿಸುತ್ತದೆ, ಆಳದ ದೋಷ ಸಿಗುವುದಿಲ್ಲ.

ಈಗ ಪಿಕ್ಸೆಲ್‌ಗೆ ಬರೋಣ. ಗೂಗಲ್ ಮೆಸೇಜಸ್ ಆ್ಯಪ್ ಆಡಿಯೊ ಮೆಸೇಜನ್ನು ಅಕ್ಷರಕ್ಕೆ ಇಳಿಸಿ ತೋರಿಸಲೆಂದು, ನಾವು ಮುಟ್ಟುವ ಮೊದಲೇ ಡಿಕೋಡ್ ಮಾಡುತ್ತದೆ. 2015ರಲ್ಲಿ ಥಂಬ್‌ನೇಲ್‌ಗಾಗಿ ಮಾಡಿದ್ದನ್ನೇ ಈಗ ಇನ್ನೊಂದು ಸೌಲಭ್ಯಕ್ಕಾಗಿ ಮಾಡಿದರು, ಇದು ನನಗೆ ತುಂಬಾ ಬೇಸರ ತರಿಸಿದ ವಿಷಯ. ಆ ಡಿಕೋಡರ್ ಡಾಲ್ಬಿ ಕಂಪನಿಯದು, ಅದರಲ್ಲಿದ್ದ ಸಿವಿಇ-2025-54957 ಮತ್ತೆ ಅದೇ ಹಳೇ ಜಾತಿ, ಗಾತ್ರದ ಲೆಕ್ಕ ಮಿತಿ ದಾಟಿ ತಿರುಗುವುದು. ಅದರಿಂದ ಮೀಡಿಯಾ ಸ್ಯಾಂಡ್‌ಬಾಕ್ಸ್ ಒಳಗೆ ಕಾಲಿಡಬಹುದು. ಹತ್ತು ವರ್ಷದ ಗೋಡೆ ಅಲ್ಲಿ ಕೆಲಸ ಮಾಡಬೇಕಿತ್ತು.

ಆದರೆ ಆ ಸ್ಯಾಂಡ್‌ಬಾಕ್ಸ್‌ಗೆ ಬಿಗ್‌ವೇವ್ ಕಡೆ ಕಿಂಡಿ ಇತ್ತು. ಅದು ಪಿಕ್ಸೆಲ್ ಚಿಪ್‌ನಲ್ಲಿ ಎವಿ1 ವಿಡಿಯೊ ಬಿಡಿಸುವ ಹಾರ್ಡ್‌ವೇರ್. ಅದರ ಡ್ರೈವರ್‌ಗೆ ಕೆಲಸ ಒಪ್ಪಿಸಿದರೆ ಅದು ಸರದಿಯಲ್ಲಿ ನಿಲ್ಲುತ್ತದೆ, ಹಿನ್ನೆಲೆಯ ಒಂದು ಥ್ರೆಡ್ (ತನ್ನಷ್ಟಕ್ಕೆ ನಡೆಯುವ ಕೋಡ್‌ನ ಎಳೆ) ಒಂದೊಂದನ್ನೇ ಎತ್ತಿಕೊಳ್ಳುತ್ತದೆ, ಒಪ್ಪಿಸಿದವನು 16 ಸೆಕೆಂಡ್ ಕಾಯುತ್ತಾನೆ. ಅಷ್ಟರಲ್ಲಿ ಮುಗಿಯದಿದ್ದರೆ ಕಾಯುವುದನ್ನು ಬಿಟ್ಟು ಹೊರಬರುತ್ತಾನೆ, ಆಮೇಲೆ ಡ್ರೈವರ್ ಜೊತೆಗಿನ ಸಂಪರ್ಕ ಮುಚ್ಚಿದರೆ ಆ ಕೆಲಸದ ವಿವರ ಇದ್ದ ಮೆಮೊರಿಯೂ ಬಿಡುಗಡೆಯಾಗುತ್ತದೆ. ಹಿನ್ನೆಲೆಯ ಥ್ರೆಡ್‌ಗೆ ಇದು ಗೊತ್ತೇ ಇಲ್ಲ. ಅದು ಇನ್ನೂ ಅದೇ ಮೆಮೊರಿಯನ್ನು ತನ್ನದೆಂದುಕೊಂಡು ಬಳಸುತ್ತಿರುತ್ತದೆ. ಆ ಖಾಲಿ ಜಾಗಕ್ಕೆ ದಾಳಿಕೋರ ತನ್ನ ಡೇಟಾ ತುಂಬಿಟ್ಟರೆ ಕರ್ನಲ್ ಅವನ ಲೆಕ್ಕವನ್ನು ನಂಬುತ್ತದೆ. ಸಿವಿಇ-2025-36934 ಅಂದರೆ ಇದೇ. ಇಲ್ಲಿ ವಿಡಿಯೊ ಫೈಲ್ ಕೂಡ ಬೇಕಾಗಿಲ್ಲ, ಡ್ರೈವರ್ ಇದ್ದರೆ ಸಾಕು.

ದೋಷಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಆಮೇಲಿನ ದಿನಗಳ ಲೆಕ್ಕ. ಡಾಲ್ಬಿ ದೋಷ ವರದಿಯಾದದ್ದು 2025ರ ಜೂನ್‌ನಲ್ಲಿ. ಮೊದಲ ಆಂಡ್ರಾಯ್ಡ್ ಫೋನಿಗೆ ಪ್ಯಾಚ್ ಬರಲು 139 ದಿನ ಹಿಡಿಯಿತು, ಕೊಟ್ಟಿದ್ದು ಸ್ಯಾಮ್‌ಸಂಗ್. ಪಿಕ್ಸೆಲ್‌ಗೆ ಬಂದದ್ದು 2026ರ ಜನವರಿ 5ಕ್ಕೆ. ದೋಷ ಅಕ್ಟೋಬರ್‌ನಲ್ಲೇ ಬಹಿರಂಗವಾಗಿತ್ತು, ಅಂದರೆ 82 ದಿನ ಎಲ್ಲರಿಗೂ ಗೊತ್ತಿದ್ದೂ ಬಾಗಿಲು ತೆರೆದೇ ಇತ್ತು. ಕೋಡೆಕ್ ಕಂಪನಿ, ಚಿಪ್ ಕಂಪನಿ, ಫೋನ್ ಕಂಪನಿ, ಹೀಗೆ ಕೈಯಿಂದ ಕೈಗೆ ಪ್ಯಾಚ್ ದಾಟಬೇಕು, ಒಬ್ಬರು ತಡ ಮಾಡಿದರೂ ಕಾಯುವುದು ನಾವು. ಗೂಗಲ್‌ನ ಸ್ವಂತ ಫೋನ್‌ಗೇ ಇಷ್ಟು ದಿನ ಆದರೆ, ಮೂರು ವರ್ಷದ ಹಿಂದೆ ಕಡಿಮೆ ಬೆಲೆಗೆ ಕೊಂಡು ಈಗ ಅಮ್ಮನ ಕೈಗೆ ಕೊಟ್ಟಿರುವ ಫೋನಿನ ಗತಿ ಏನು? ಅಂಥ ಎಷ್ಟೋ ಫೋನ್‌ಗಳಿಗೆ ಪ್ಯಾಚ್ ಬರುವುದು ನಿಂತೇ ಹೋಗಿರುತ್ತದೆ.

ದಾರಿ ಇಲ್ಲ ಅಂತಲ್ಲ. ಹೊಸ ಕೋಡನ್ನು, ಮೆಮೊರಿಯ ಲೆಕ್ಕ ತಪ್ಪದಂತೆ ತಾನೇ ನೋಡಿಕೊಳ್ಳುವ ರಸ್ಟ್ ತರಹದ ಭಾಷೆಯಲ್ಲಿ ಬರೆಯಲು ಶುರು ಮಾಡಿದ ಮೇಲೆ, ಆಂಡ್ರಾಯ್ಡ್‌ನ ದೋಷಗಳಲ್ಲಿ ಮೆಮೊರಿಗೆ ಸಂಬಂಧಿಸಿದವುಗಳ ಪಾಲು 2019ರಲ್ಲಿದ್ದ ಶೇ 76ರಿಂದ 2024ರಲ್ಲಿ ಶೇ 24ಕ್ಕೆ ಇಳಿದಿದೆ ಅಂತ ಗೂಗಲ್ ಹೇಳಿದೆ. ಪಿಕ್ಸೆಲ್ 8ರಿಂದ ಈಚೆಗೆ ಪ್ರೊಸೆಸರ್ ತಾನೇ ಮೆಮೊರಿಗೆ ಗುರುತು ಹಾಕಿ, ಗುರುತು ತಪ್ಪಿದರೆ ಪ್ರೋಗ್ರಾಂ ನಿಲ್ಲಿಸುವ ವ್ಯವಸ್ಥೆ ಇದೆ. ಆಂಡ್ರಾಯ್ಡ್ 16ರಲ್ಲಿ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಆನ್ ಮಾಡಿದರೆ, ಅದಕ್ಕೆ ಬೆಂಬಲ ಇರುವ ಫೋನ್‌ಗಳಲ್ಲಿ ಇದೂ ಆನ್ ಆಗುತ್ತದೆ. ಐಫೋನ್ 17ರಲ್ಲೂ ಇಂಥದ್ದೇ ಬಂದಿದೆ. ಆದರೆ ಚಿಪ್ ಜೊತೆ ಬರುವ ವಿಡಿಯೊ ಡ್ರೈವರ್‌ಗಳು ಬಹುಪಾಲು ಇನ್ನೂ ಸಿ ಭಾಷೆಯವೇ.

ಇವತ್ತು ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿರುವ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರಿಟಿ ಪ್ಯಾಚ್‌ನ ತಾರೀಖು ನೋಡಿ. 2026ರ ಜನವರಿ 5 ಅಥವಾ ಅದಕ್ಕಿಂತ ಈಚಿನದಾಗಿದ್ದರೆ ಮೇಲೆ ಹೇಳಿದ ಡಾಲ್ಬಿ ದೋಷಕ್ಕೆ ಪ್ಯಾಚ್ ಬಂದಿದೆ. ಅದಕ್ಕಿಂತ ಹಳೆಯದಾಗಿದ್ದು, ಅಪ್‌ಡೇಟ್ ಒತ್ತಿದರೂ ಹೊಸದೇನೂ ಬರದಿದ್ದರೆ, ಕನಿಷ್ಠ ಆ ಫೋನಿನಿಂದ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನು ತೆಗೆದು ಬೇರೆ ಫೋನಿಗೆ ಹಾಕಿಕೊಳ್ಳಿ.