ಮೆಚ್ಚಿನ ಲೇಖಕರೆಲ್ಲ ಮುಗಿದರು, ಇನ್ನೇನು ಓದಲಿ?

ಪ್ರಶ್ನೆ: ನನಗೆ ಮಂತ್ರ, ಮಾಯಾಲೋಕಗಳ ಫ್ಯಾಂಟಸಿ ಕಾದಂಬರಿ ಇಷ್ಟ. ಟೋಲ್ಕಿನ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್' ಎರಡು ಸಲ ಓದಿದ್ದೇನೆ. 'ಗೇಮ್ ಆಫ್ ಥ್ರೋನ್ಸ್' ಬರೆದ ಜಾರ್ಜ್ ಮಾರ್ಟಿನ್ ಅವರ ಐದೂ ಸಂಪುಟ ಮುಗಿದವು, ಆರನೆಯದಕ್ಕೆ ಕಾದು ಸಾಕಾಯಿತು. ರಾಬರ್ಟ್ ಜೋರ್ಡನ್ ಅವರ 'ವೀಲ್ ಆಫ್ ಟೈಮ್' ಸರಣಿಯ ಹದಿನಾಲ್ಕೂ ಆಯಿತು. ಈಗ ಯಾವ ಹೊಸ ಪುಸ್ತಕ ಹಿಡಿದರೂ ಐವತ್ತು ಪುಟಕ್ಕೆ ಕೈಬಿಡುತ್ತೇನೆ. ಜೂನ್, ಜುಲೈ ಮಳೆಗಾಲದ ಮೀನುಗಾರಿಕೆ ನಿಷೇಧ, ನಮ್ಮ ಮನೆಯ ಬೋಟು ದಡದಲ್ಲೇ ಇರುತ್ತದೆ. ಬಿಡುವು ಬೇಕಾದಷ್ಟಿದೆ. ಏನು ಓದಲಿ?
– ಕಾರವಾರದ ಓದುಗರು

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಪದೇ ಪದೇ ಬರುತ್ತದೆ. ಹೆಚ್ಚಿನವರು ಕೇಳುವುದು "ಟೋಲ್ಕಿನ್ ಥರದ್ದು ಇನ್ನೊಂದು ಹೇಳಿ" ಎಂದು. ತೊಡಕು ಇರುವುದು ಆ "ಥರ" ಅನ್ನುವ ಮಾತಿನಲ್ಲೇ. ಅದು ಒಬ್ಬೊಬ್ಬರಿಗೆ ಒಂದೊಂದು.

ನಮ್ಮ ಕಡೆ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೋಗುವವರನ್ನು ನೋಡಿ. ರಾತ್ರಿ ಗದಾಯುದ್ಧ. ಒಬ್ಬರು ಭಾಗವತರ ಪದ್ಯ ಕೇಳಲು ಬಂದಿರುತ್ತಾರೆ. ಪಕ್ಕದವರಿಗೆ ಕೌರವನ ಅರ್ಥಗಾರಿಕೆ ಬೇಕು. ಇನ್ನೊಬ್ಬರಿಗೆ ಚಂಡೆಯ ಪೆಟ್ಟು, ಕುಣಿತ ಇದ್ದರೆ ಸಾಕು. ಬೆಳಗಿನ ಬಸ್ಸಿನಲ್ಲಿ ಮೂವರೂ "ಆಟ ಭರ್ಜರಿ ಆಯ್ತು" ಅಂತಲೇ ಹೇಳುತ್ತಾರೆ. ಮರುವಾರ ಆ ಮೂವರನ್ನೂ ಒಂದೇ ಮೇಳಕ್ಕೆ ಕಳಿಸಿದರೆ ಇಬ್ಬರಾದರೂ ಬೇಜಾರು ಮಾಡಿಕೊಂಡು ಬರುತ್ತಾರೆ. ಪುಸ್ತಕದಲ್ಲೂ ಹೀಗೇ. ನೀವು ಯಾವುದಕ್ಕೆ ಹೋಗಿದ್ದಿರಿ ಅನ್ನುವುದು ಮೊದಲು ತಿಳಿಯಬೇಕು.

ತಿಳಿಯಲು ಒಂದು ದಾರಿ ಇದೆ. ನೀವು ಎರಡು ಸಲ ಓದಿದ ಆ ದಪ್ಪ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಎರಡೂ ಕೈ ಬಿಡಿ. ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೆ ನೋಡಿ. ಮತ್ತೆ ಮತ್ತೆ ಹೋಗಿ ಓದಿದ ಪುಟದಲ್ಲಿ ಅಂಟು ಸಡಿಲ ಆಗಿರುತ್ತದೆ. ಫೋನಿನಲ್ಲಿ ಓದಿದ್ದರೆ ಗುರುತು ಹಾಕಿದ ಸಾಲುಗಳನ್ನು ನೋಡಿ.

ನಾನಿರುವುದು ಶಿರಸಿಯಲ್ಲಿ. ನನ್ನ 'ಲಾರ್ಡ್ ಆಫ್ ದಿ ರಿಂಗ್ಸ್' ಪ್ರತಿಯ ಅಂಚಿಗೆ ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತದೆ, ಒರೆಸಿ ಇಡುತ್ತೇನೆ. ಒಂದು ಸಲ ಹಾಗೆ ಒರೆಸುವಾಗ ಪುಸ್ತಕ ತೆರೆದುಕೊಂಡದ್ದು ಕೊನೆಯ ಬೆಟ್ಟದ ಪುಟಕ್ಕೆ. ಕೇಡಿನ ಉಂಗುರವನ್ನು ನಾಶಮಾಡಲು ಹೊತ್ತು ಹೊರಟ ಫ್ರೋಡೊಗೆ ಹೆಜ್ಜೆ ಇಡಲು ಆಗುತ್ತಿಲ್ಲ. ಉಂಗುರವನ್ನು ಹೊರಲು ನನ್ನಿಂದ ಆಗದು, ನಿಮ್ಮನ್ನು ಹೊರಬಲ್ಲೆ ಅಂತ ಜೊತೆಗಾರ ಸ್ಯಾಮ್ ಅವನನ್ನು ಬೆನ್ನಿಗೆ ಹಾಕಿಕೊಳ್ಳುತ್ತಾನೆ. ಎರಡು ವರ್ಷದಿಂದ ನಾನು ಹುಡುಕುತ್ತಿದ್ದದ್ದು ಎಲ್ಫ್‌ಗಳು, ಕುಳ್ಳರು, ಹಳೆಯ ಕೋಟೆಗಳು ಇರುವ ಪುಸ್ತಕಗಳನ್ನು. ಎಲ್ಲ ಸಿಕ್ಕಿದ್ದವು, ಯಾವುದೂ ಒಳಗೆ ಇಳಿದಿರಲಿಲ್ಲ. ನನಗೆ ಬೇಕಿದ್ದದ್ದು ಒಬ್ಬರ ಜೊತೆ ಇನ್ನೊಬ್ಬರು ಕೊನೆಯವರೆಗೂ ನಡೆಯುವ ಕತೆ.

ಅದು ಗೊತ್ತಾದ ಮೇಲೆ ರಾಬಿನ್ ಹಾಬ್ ಸಿಕ್ಕರು. 1995ರಲ್ಲಿ ಶುರುವಾದ ಅವರ ಕತೆ 2017ರಲ್ಲಿ ಮುಗಿಯಿತು, ಒಟ್ಟು 16 ಪುಸ್ತಕ. ಅವುಗಳಲ್ಲಿ ಹಲವದರಲ್ಲಿ, ಅರಮನೆಯಲ್ಲಿ ಬೇಡದ ಮಗುವಾಗಿ ಬೆಳೆದ ಫಿಟ್ಜ್ ತನ್ನ ಬದುಕನ್ನು ತಾನೇ ಹೇಳುತ್ತಾ ಹೋಗುತ್ತಾನೆ. ಅವನ ಜೊತೆಗೆ ಒಂದು ತೋಳ ಇದೆ. ಆ ತೋಳದ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ, ನೀವೇ ಓದಬೇಕು.

ಆದರೆ ನಿಮಗೆ ನಾನು ಕೊಡುವುದು ಆ 16ರಲ್ಲೇ ಇರುವ, ಫಿಟ್ಜ್ ಹೇಳದ ಬೇರೆ ಮೂರು ಸಂಪುಟ. ನಿಮ್ಮ ಮನೆಯಲ್ಲಿ ಬೋಟು ಇದೆ ಅಂದಿರಿ, ಅಲ್ವಾ? 1998ರಿಂದ 2000ದವರೆಗೆ ಬಂದ 'ಲೈವ್‌ಶಿಪ್ ಟ್ರೇಡರ್ಸ್' ಸರಣಿಯಲ್ಲಿ ಹಡಗುಗಳಿಗೆ ಜೀವ ಬರುತ್ತದೆ. ಸುಮ್ನೆ ಬರುವುದಿಲ್ಲ. ಒಂದೇ ಮನೆತನದ ಮೂರು ತಲೆಮಾರಿನವರು ಆ ಹಡಗಿನ ಮೇಲೆಯೇ ಪ್ರಾಣ ಬಿಡಬೇಕು. ಆಗ ಮುಂದಿನ ಮೂತಿಗೆ ಕೆತ್ತಿದ ಮರದ ಗೊಂಬೆ ಕಣ್ಣು ತೆರೆದು ಮಾತಾಡುತ್ತದೆ. ತೀರಿಹೋದ ಆ ಮೂವರ ನೆನಪೂ ಅದರೊಳಗೆ ಇರುತ್ತದೆ. ಮನೆ ಸಾಲದಲ್ಲಿ ಮುಳುಗಿದೆ, ಹಡಗು ಯಾರ ಕೈಗೆ ಹೋಗಬೇಕು ಎಂದು ಮಕ್ಕಳಲ್ಲಿ ಜಗಳ. ಬೋಟನ್ನು ಮನೆಯವರಲ್ಲಿ ಒಬ್ಬರಂತೆ ಕಾಣುವವರಿಗೆ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರಿಗೆ ಈ ಕತೆ ಬೇಗ ಹತ್ತಿರವಾಗುತ್ತದೆ. ಘಟ್ಟದ ಮೇಲಿನ ನನಗೆ ಅರ್ಥವಾದದ್ದಕ್ಕಿಂತ ನಿಮಗೆ ಜಾಸ್ತಿ ಅರ್ಥವಾದೀತು.

ಮಾರ್ಟಿನ್ ಪುಸ್ತಕ ಒಳಸಂಚಿನ ಪುಟಗಳಿಗೆ ತೆರೆದುಕೊಂಡರೆ ಗೈ ಗೇವ್ರಿಯಲ್ ಕೇ ಅವರ 'ಟಿಗಾನಾ' ಹಿಡಿಯಿರಿ. 1990ರ ಪುಸ್ತಕ, ಒಂದೇ ಸಂಪುಟ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮಾಂತ್ರಿಕ ದೊರೆಯೊಬ್ಬ, ಅವನನ್ನು ಕೊಂದ ನಾಡನ್ನು ಗೆದ್ದು ವಿಚಿತ್ರವಾದ ಶಿಕ್ಷೆ ಕೊಡುತ್ತಾನೆ. ಆ ನಾಡಿನ ಹೆಸರನ್ನೇ ಅಳಿಸುತ್ತಾನೆ. ಮಂತ್ರ ಹಾಕುವ ಮೊದಲು ಅಲ್ಲಿ ಹುಟ್ಟಿದವರಿಗೆ ಮಾತ್ರ ಆ ಹೆಸರು ಕೇಳಿಸುತ್ತದೆ. ಉಳಿದವರ ಎದುರು ಎಷ್ಟು ಜೋರಾಗಿ ಕೂಗಿದರೂ ಅವರ ಕಿವಿಗೆ ಬೀಳುವುದಿಲ್ಲ. ಹುಟ್ಟಿದವರೆಲ್ಲ ತೀರಿಕೊಂಡ ದಿನ ಹೆಸರೂ ತೀರಿತು.

ಇದನ್ನು ಓದುವಾಗ ನನಗೆ ಸೂಪಾ ನೆನಪಾಯಿತು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣ ನೀರಿನಡಿ ಹೋಯಿತು. ತಾಲೂಕು ಈಗ ಜೋಯಿಡಾ. ಸೂಪಾ ಅನ್ನುವ ಹೆಸರು ಅಣೆಕಟ್ಟಿನಲ್ಲಿ ಉಳಿದಿದೆ, ಊರು ಇಲ್ಲ. ಕಾದಂಬರಿಯಲ್ಲಿ ನಾಡು ಕಣ್ಣೆದುರೇ ಇದೆ, ಹೆಸರು ಇಲ್ಲ. ಯಾವುದು ದೊಡ್ಡ ನಷ್ಟ ಅಂತ ಬಹಳ ದಿನ ಯೋಚನೆ ಮಾಡಿದೆ. ಈ ಜಿಲ್ಲೆಯಲ್ಲಿ ಊರು ಬಿಟ್ಟು ಬಂದ ಮನೆಗಳು ಎಷ್ಟೋ ಇವೆ. ಅಂಥ ಮನೆಯವರ ಕೈಗೆ ಈ ಪುಸ್ತಕ ಸಿಗಬೇಕು ಅನ್ನುವುದು ನನ್ನ ಆಸೆ.

ಇದೇ ಕೇ ಅವರು ಚಿಕ್ಕ ವಯಸ್ಸಿನಲ್ಲಿ ಟೋಲ್ಕಿನ್ ಮಗನ ಜೊತೆ ಕೂತು, 1977ರಲ್ಲಿ ಹೊರಬಂದ 'ಸಿಲ್ಮರಿಲಿಯನ್' ಸಂಪಾದನೆಗೆ ನೆರವಾದವರು. ಹೊಸ ಕಲಾವಿದರ ಬಗ್ಗೆ "ಯಾರ ಹತ್ತಿರ ಕಲಿತವರು?" ಎಂದು ನಾವು ಕೇಳುತ್ತೇವಲ್ಲ, ಲೇಖಕರ ಬಗ್ಗೆಯೂ ಹಾಗೆ ಕೇಳಿ. ಮಾರ್ಟಿನ್ ತಮಗೆ ದಾರಿ ತೋರಿಸಿದವರಲ್ಲಿ ಟ್ಯಾಡ್ ವಿಲಿಯಮ್ಸ್ ಹೆಸರು ಹೇಳಿದ್ದಾರೆ. ವಿಲಿಯಮ್ಸ್ ಅವರ 'ಡ್ರ್ಯಾಗನ್‌ಬೋನ್ ಚೇರ್' ಬಂದದ್ದು 1988ರಲ್ಲಿ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರು ಸಂಪುಟ ಬರೆದು ಮುಗಿಸಿದ್ದು ಬ್ರ್ಯಾಂಡನ್ ಸ್ಯಾಂಡರ್ಸನ್, ಅದು ನಿಮಗೆ ಗೊತ್ತೇ ಇದೆ. ಆ ಮೂರರಲ್ಲಿ ಓಟ ಹಿಡಿಸಿದ್ದರೆ ಅವರದೇ 'ಮಿಸ್ಟ್‌ಬಾರ್ನ್' ಇದೆ. ಅಲ್ಲಿ ಮಂತ್ರಕ್ಕೂ ಲೆಕ್ಕ ಉಂಟು. ಲೋಹದ ಚೂರು ನುಂಗಬೇಕು, ಒಂದೊಂದು ಲೋಹಕ್ಕೆ ಒಂದೊಂದು ಶಕ್ತಿ.

ಐವತ್ತು ಪುಟಕ್ಕೆ ಬಿಡುವುದರ ಬಗ್ಗೆ ಬೇರೆಯೇ ಹೇಳಬೇಕು. ಆಟದಲ್ಲಿ ಒಡ್ಡೋಲಗ ಇರುತ್ತದೆ. ಪಾತ್ರ ಬರುತ್ತದೆ, ಕುಣಿಯುತ್ತದೆ, ತಾನು ಯಾರು ಅಂತ ಹೇಳಿಕೊಳ್ಳುತ್ತದೆ. ಆಮೇಲೆ ಕತೆ. ಕೆಲವು ಲೇಖಕರು ಹೀಗೆ ನಿಧಾನವಾಗಿ ಒಡ್ಡೋಲಗ ಕೊಡುತ್ತಾರೆ. ಹಾಬ್ ಅಂಥವರು. ಸ್ಟೀವನ್ ಎರಿಕ್‌ಸನ್ ಕೊಡುವುದೇ ಇಲ್ಲ. ಅವರ 'ಮಲಾಜನ್' ಸರಣಿಯ ಹತ್ತು ಸಂಪುಟಗಳು 1999ರಿಂದ 2011ರವರೆಗೆ ಬಂದವು. ಮೊದಲನೆಯದರಲ್ಲಿ ಓದುಗ ನಡುರಾತ್ರಿ ಎದ್ದು ಬಂದು ಯುದ್ಧದ ಮಧ್ಯೆ ಕೂತಂತೆ. ಯಾರು ಯಾರ ಕಡೆ ಅಂತ ತಿಳಿಯುವುದಿಲ್ಲ. ಅದು ನಿಮ್ಮ ತಪ್ಪಲ್ಲ, ಅವರು ಕಟ್ಟಿದ್ದೇ ಹಾಗೆ. ನಿಧಾನದ ಒಡ್ಡೋಲಗ ಬೇಸರವೋ, ಒಡ್ಡೋಲಗ ಇಲ್ಲದೆ ಕಂಗಾಲೋ? ನೀವು ಕೈಬಿಟ್ಟ ನಾಲ್ಕು ಪುಸ್ತಕ ನೆನಪು ಮಾಡಿಕೊಂಡರೆ ಉತ್ತರ ಸಿಗುತ್ತದೆ. ಹದಿನಾಲ್ಕು ಸಂಪುಟ ಒಂದೇ ಲೋಕದಲ್ಲಿ ಇದ್ದು ಬಂದವರಿಗೆ ಹೊಸ ಹೆಸರುಗಳು ಬಾಯಿಗೆ ಹತ್ತುವುದೂ ಕಷ್ಟವೇ.

ಅದಕ್ಕೇ ದಪ್ಪ ಪುಸ್ತಕಕ್ಕೆ ನೇರವಾಗಿ ಹೋಗಬೇಡಿ ಅನ್ನುತ್ತೇನೆ. ನಡುವೆ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' ಓದಿ. 1968ರದ್ದು, ಇನ್ನೂರು ಪುಟದ ಆಸುಪಾಸು. ಇಡೀ ಲೋಕವೇ ದ್ವೀಪಗಳು. ಅಲ್ಲಿ ಎಲ್ಲರಿಗೂ ಕರೆಯುವ ಹೆಸರು ಬೇರೆ, ನಿಜವಾದ ಹೆಸರು ಬೇರೆ. ನಮ್ಮಲ್ಲಿ ಜಾತಕದ ಹೆಸರು ಬೇರೆ ಇರುತ್ತದಲ್ಲ, ಹಾಗೆ. ನಿಜವಾದ ಹೆಸರು ತಿಳಿದವನಿಗೆ ಅದರ ಮೇಲೆ ಹಿಡಿತ. ಆಡು ಕಾಯುತ್ತಿದ್ದ ಹುಡುಗ ಗೆಡ್, ಹಟಕ್ಕೆ ಬಿದ್ದು ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಮೊದಲು ಅದು ಅವನನ್ನು ಅಟ್ಟುತ್ತದೆ. ಆಮೇಲೆ ಅವನೇ ಪುಟ್ಟ ದೋಣಿ ಹತ್ತಿ ಅದನ್ನು ಅಟ್ಟಿಕೊಂಡು ಕೊನೆಯ ದ್ವೀಪದ ಆಚೆಗೂ ಹೋಗುತ್ತಾನೆ. ನರಸಿಂಹ ದೇವರ ಜಾತ್ರೆಗೆ ಬೋಟಿನಲ್ಲಿ ಕೂರ್ಮಗಡ ದ್ವೀಪಕ್ಕೆ ಹೋದವರಿಗೆ, ದೂರದಲ್ಲಿ ಕಪ್ಪು ಚುಕ್ಕೆಯಂತಿದ್ದ ಗುಡ್ಡ ಹತ್ತಿರ ಬರುತ್ತಾ ಮರ, ಬಂಡೆ, ಜನ ಆಗುವುದು ಗೊತ್ತು. ಈ ಪುಸ್ತಕದಲ್ಲಿ ಆ ಅನುಭವ ಪುಟ ಪುಟದಲ್ಲಿ ಸಿಗುತ್ತದೆ.

ನಿಮಗೆ ಬೇಕಾದದ್ದು ನಕ್ಷೆ, ಊರಿಂದ ಊರಿಗೆ ಅಲೆದಾಟ ಅಂತಾದರೆ ಕನ್ನಡದಲ್ಲೇ ಲಕ್ಷ್ಮೀಶನ ಜೈಮಿನಿ ಭಾರತ ಇದೆ. ಅಶ್ವಮೇಧದ ಕುದುರೆ ಮುಂದೆ, ಕತೆ ಹಿಂದೆ. ಪ್ರಮೀಳೆಯ ಹೆಣ್ಣು ರಾಜ್ಯ, ಬಭ್ರುವಾಹನ, ಚಂದ್ರಹಾಸ, ಎಲ್ಲವನ್ನೂ ನೀವು ರಂಗದ ಮೇಲೆ ನೋಡಿಯೇ ಇರುತ್ತೀರಿ. ವಾರ್ಧಕ ಷಟ್ಪದಿ ಕಷ್ಟ ಅನಿಸಿದರೆ ಗದ್ಯಾನುವಾದ ಇಟ್ಟುಕೊಳ್ಳಿ. ಇದೇ ರುಚಿ ಇಂಗ್ಲಿಷಿನಲ್ಲಿ ಬೇಕೆಂದರೆ ಕೆನ್ ಲಿಯು ಇದ್ದಾರೆ. ಚೀನಾದ ಹಳೆಯ ಇತಿಹಾಸದಿಂದ ಎಳೆ ತೆಗೆದು ಬರೆದ ನಾಲ್ಕು ಸಂಪುಟ, 2015ರಿಂದ 2022. ನಮ್ಮ ಪುರಾಣಗಳಂತೆ ಅಲ್ಲೂ ದೇವರುಗಳು ಪಕ್ಷ ಹಿಡಿಯುತ್ತಾರೆ.

ಮಾರ್ಟಿನ್ ಅವರ ಐದನೆಯ ಸಂಪುಟ ಬಂದದ್ದು 2011ರಲ್ಲಿ. ಇನ್ನೊಮ್ಮೆ ಅಷ್ಟು ಕಾಯುವುದು ಬೇಡ ಅಂತಲೇ ನಾನು ಇಲ್ಲಿ ಹೇಳಿದ ಎಲ್ಲ ಸರಣಿಗಳಲ್ಲೂ ಶುರು ಮಾಡಿದ ಕತೆ ಮುಗಿಯುತ್ತದೆ. ಪೂರ್ತಿ ಸೆಟ್ ಒಟ್ಟಿಗೆ ತರಿಸಬೇಡಿ. ಮೊದಲ ಸಂಪುಟ ಮಾತ್ರ ತನ್ನಿ. ಅದಕ್ಕೂ ಮೊದಲು ಫೋನಿನಲ್ಲಿ ಸಿಗುವ ಉಚಿತ ಸ್ಯಾಂಪಲ್ ಪುಟ ಓದಿ ನೋಡಿ.

ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಿಮ್ಮ ಕೈಯಲ್ಲಿದೆ. ಮೊದಲ ವಾರ ಲೆ ಗ್ವಿನ್. ಆಮೇಲೆ ಹಾಬ್ ಅವರ ಹಡಗು. ದಿನಕ್ಕೆ 40 ಪುಟ ಓದಿದರೂ ಆಗಸ್ಟಿನಲ್ಲಿ ನಿಮ್ಮ ಬೋಟಿಗೆ ಪೂಜೆ ಮಾಡಿ ನೀರಿಗೆ ಇಳಿಸುವ ಹೊತ್ತಿಗೆ ಮೂರನೆಯ ಸಂಪುಟದಲ್ಲಿ ಇರುತ್ತೀರಿ. ಅದನ್ನೂ ಮುಗಿಸಿ ಬರೆಯಿರಿ. ನಿಮ್ಮ ಟೋಲ್ಕಿನ್ ಯಾವ ಪುಟಕ್ಕೆ ತೆರೆದುಕೊಂಡಿತು ಅನ್ನುವುದನ್ನೂ ಬರೆಯಿರಿ.