ಹೇಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ

ತಾರೆಯೊಬ್ಬರು ವಿವಾದದಲ್ಲಿ ಸಿಕ್ಕಿಕೊಂಡ ಕೂಡಲೇ ಅವರನ್ನು ಜಾಹೀರಾತಿಗೆ ಹಾಕಿಕೊಂಡಿದ್ದ ಕಂಪನಿಯಿಂದ ಮೂರು ಸಾಲಿನ ಹೇಳಿಕೆ ಬರುತ್ತದೆ. "ವಿಷಯ ನಮ್ಮ ಗಮನಕ್ಕೆ ಬಂದಿದೆ. ಇದನ್ನು ಗಂಭೀರವಾಗಿ ಪರಿಗಣಿಸಿದ್ದೇವೆ. ಬೆಳವಣಿಗೆಗಳನ್ನು ಗಮನಿಸುತ್ತಿದ್ದೇವೆ." ಓದಿದವರು ಏನೂ ಹೇಳಲೇ ಇಲ್ಲವಲ್ಲ ಎಂದು ಗೊಣಗುತ್ತಾರೆ. ನಿಜ, ಹೇಳಿಲ್ಲ. ಹಾಗೆ ಹೇಳದಿರುವುದಕ್ಕೇ ನನ್ನಂಥವರಿಗೆ ಸಂಬಳ ಕೊಡುವುದು.

ಸಾರ್ವಜನಿಕ ಸಂಪರ್ಕದ ಕಸುಬಿನಲ್ಲಿ ಇಂಥ ಹೇಳಿಕೆಯ ಕರಡು, ಹೆಸರಿನ ಜಾಗ ಖಾಲಿ ಬಿಟ್ಟು, ಮೊದಲೇ ತಯಾರಿರುತ್ತದೆ. ಗಲಾಟೆ ಎದ್ದ ಮೇಲೆ ಅದು ಮಾರುಕಟ್ಟೆ ವಿಭಾಗ, ಕಾನೂನು ವಿಭಾಗ, ಮೇಲಧಿಕಾರಿಗಳ ಮೇಜು ಎಲ್ಲವನ್ನೂ ಸುತ್ತಿ ಬರುತ್ತದೆ. "ಅವರ ಮಾತನ್ನು ನಾವು ಒಪ್ಪುವುದಿಲ್ಲ" ಎಂದು ನಾನು ಬರೆದಿದ್ದರೆ, ವಕೀಲರು ಅದನ್ನು "ಅದು ಅವರ ವೈಯಕ್ತಿಕ ಅಭಿಪ್ರಾಯ" ಎಂದು ತಿದ್ದುತ್ತಾರೆ. "ಒಪ್ಪಂದದ ಬಗ್ಗೆ ಈ ವಾರವೇ ತೀರ್ಮಾನಿಸುತ್ತೇವೆ" ಎಂಬ ಸಾಲು "ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದಾಗಿ ವಾಪಸು ಬರುತ್ತದೆ. ಯಾರು, ಯಾವಾಗ, ಏನು ಎಂಬ ಮೂರೂ ಮಾಯ.

ವಕೀಲರನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ಜಾಹೀರಾತು ಒಪ್ಪಂದಗಳಲ್ಲಿ ಸಾಮಾನ್ಯವಾಗಿ ನಡತೆಯ ಷರತ್ತೊಂದು ಇರುತ್ತದೆ. ಬ್ರ್ಯಾಂಡಿನ ಹೆಸರಿಗೆ ಮಸಿ ಬಳಿಯುವಂತೆ ನಡೆದುಕೊಂಡರೆ ಕಂಪನಿ ಒಪ್ಪಂದದಿಂದ ಹೊರಬರಬಹುದು. ಆದರೆ ಹೊರಬರುವ ಮುನ್ನವೇ 'ಇವರದೇ ತಪ್ಪು' ಎಂದು ಬಾಯಿಬಿಟ್ಟರೆ, ನಾಳೆ ಪರಿಹಾರದ ಮೊಕದ್ದಮೆಯಲ್ಲಿ ಅದೇ ಕಾಗದ ಎದುರಾಳಿಯ ಕೈಯಲ್ಲಿರುತ್ತದೆ. ಹೇಳಿಕೆ ಬರೆಯುವಾಗ ನಮ್ಮ ಕಣ್ಣೆದುರು ಇರುವುದು ನ್ಯಾಯಾಲಯ, ಅಭಿಮಾನಿಗಳೆಲ್ಲ ಆಮೇಲೆ.

ಆದ್ದರಿಂದ ಈ ಕಸುಬಿಗೆ ಬರುವ ಹೊಸಬರಿಗೆ ಹೇಳಿಕೆಯನ್ನು ಕೊನೆಯ ಸಾಲಿನಿಂದ ಓದಲು ಹೇಳುತ್ತೇನೆ. ಉದಾಹರಣೆಗೆ ಶೂ ಕಂಪನಿ ಅಡಿಡಾಸ್ ಮತ್ತು ಅದರೊಂದಿಗೆ ಸೇರಿ 'ಯೀಜಿ' ಶೂಗಳನ್ನು ತರುತ್ತಿದ್ದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಪ್ರಕರಣ. 2022ರ ಅಕ್ಟೋಬರ್ ಆರಂಭದಲ್ಲಿ ವೆಸ್ಟ್ ಪ್ಯಾರಿಸ್ಸಿನ ಫ್ಯಾಷನ್ ಪ್ರದರ್ಶನದಲ್ಲಿ ಕಪ್ಪು ಜನರ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಚಳವಳಿಯನ್ನು ಅಣಕಿಸುವಂತೆ 'ವೈಟ್ ಲೈವ್ಸ್ ಮ್ಯಾಟರ್' ಎಂದು ಬರೆದ ಅಂಗಿ ತೊಟ್ಟರು. ಅಕ್ಟೋಬರ್ 6ರಂದು ಕಂಪನಿ, ಪಾಲುದಾರಿಕೆಯನ್ನು ಪರಿಶೀಲಿಸುತ್ತಿದ್ದೇವೆ ಎಂದಿತು. ಯಶಸ್ವಿ ಪಾಲುದಾರಿಕೆಗೆ ಪರಸ್ಪರ ಗೌರವವೇ ಬೇರು ಎಂಬ ಸುಭಾಷಿತವೂ ಅದರಲ್ಲಿತ್ತು. ಬೆನ್ನಿಗೇ ವೆಸ್ಟ್ ಯೆಹೂದಿಗಳ ವಿರುದ್ಧ ದ್ವೇಷ ಕಾರತೊಡಗಿದರು. ಈ ವಿಷಯದಲ್ಲಿ ಒಂದು ದಿನವೂ ಸುಮ್ಮನಿರಬಾರದಿದ್ದ ಜರ್ಮನಿಯ ಕಂಪನಿ ಎರಡು ವಾರಕ್ಕೂ ಹೆಚ್ಚು ಕಾಲ ಪರಿಶೀಲಿಸುತ್ತಲೇ ಇತ್ತು.

ಅಕ್ಟೋಬರ್ 25ರಂದು ಸಂಬಂಧ ಕಡಿದುಕೊಂಡ ಹೇಳಿಕೆ ಬಂತು. ಯೆಹೂದಿ ದ್ವೇಷವನ್ನು ಸಹಿಸುವುದಿಲ್ಲ ಎಂಬ ಮೊದಲ ವಾಕ್ಯವನ್ನು ಎಲ್ಲರೂ ಉದ್ಧರಿಸಿದರು. ಕೆಳಗೆ ಇಳಿದರೆ, ಆ ವರ್ಷದ ನಿವ್ವಳ ಲಾಭಕ್ಕೆ 25 ಕೋಟಿ ಯೂರೋವರೆಗೆ ಹೊಡೆತ ಬೀಳಲಿದೆ ಎಂಬ ಲೆಕ್ಕ. ಇನ್ನೂ ಕೆಳಗೆ, ಈಗಿರುವ ಉತ್ಪನ್ನಗಳ ವಿನ್ಯಾಸದ ಹಕ್ಕು ಪೂರ್ತಿಯಾಗಿ ತನ್ನದೇ ಎಂಬ ಒಣ ವಾಕ್ಯ. ಮುಂದೇನು ನಡೆಯಿತೋ ಅದರ ಸುಳಿವು ಇದ್ದದ್ದು ಅಲ್ಲೇ. 2023ರ ಮೇ ಕೊನೆಯಲ್ಲಿ ಗೋದಾಮಿನಲ್ಲಿ ಉಳಿದಿದ್ದ ಯೀಜಿ ಶೂಗಳ ಮಾರಾಟ ಶುರುವಾಯಿತು. ಒಂದು ಪಾಲು ದ್ವೇಷದ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳಿಗೆ ಹೋಯಿತು. ಆ ವರ್ಷ ಆ ಶೂಗಳಿಂದ ಬಂದ ಆದಾಯ ಸುಮಾರು 75 ಕೋಟಿ ಯೂರೋ. ಮೊದಲ ವಾಕ್ಯ ಟೊಳ್ಳಾಗಿಯೂ ಕೊನೆಯದು ಗಟ್ಟಿಯಾಗಿಯೂ ಇರಲು ಕಾರಣ ಸರಳ: ಹೂಡಿಕೆದಾರರಿಗೆ ಸುಳ್ಳು ಲೆಕ್ಕ ಕೊಟ್ಟರೆ ದಂಡ ಬೀಳುತ್ತದೆ. ಮೌಲ್ಯಗಳ ಬಗ್ಗೆ ಎಷ್ಟು ಮಾತಾಡಿದರೂ ಯಾರೂ ದಂಡ ಹಾಕುವುದಿಲ್ಲ.

ನಮ್ಮ ದೇಶದ್ದೂ ಒಂದಿದೆ. 2022ರ ಏಪ್ರಿಲ್‌ನಲ್ಲಿ ಪಾನ್ ಮಸಾಲಾಕ್ಕೆ ಹೆಸರಾದ ವಿಮಲ್ ಬ್ರ್ಯಾಂಡಿನ ಏಲಕ್ಕಿ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದಕ್ಕೆ ಅಕ್ಷಯ್ ಕುಮಾರ್ ಅಭಿಮಾನಿಗಳ ಕ್ಷಮೆ ಕೇಳಿದರು. ಸಂಭಾವನೆಯನ್ನು ಒಳ್ಳೆಯ ಕೆಲಸಕ್ಕೆ ಕೊಡುವುದಾಗಿ ಹೇಳಿದರು. ನಡುವೆ ಒಂದು ಸಾಲು: ಒಪ್ಪಂದದ ಕಾನೂನುಬದ್ಧ ಅವಧಿ ಮುಗಿಯುವವರೆಗೆ ಜಾಹೀರಾತು ಪ್ರಸಾರವಾಗುತ್ತಿರಬಹುದು. ಹಲವರಿಗೆ ಅದು ನುಣುಚಿಕೊಂಡಂತೆ ಕಂಡಿರಬಹುದು. ಇಡೀ ಪತ್ರದಲ್ಲಿ ಓದುಗರಿಗೆ ನಿಜವಾದ ಮಾಹಿತಿ ಕೊಟ್ಟದ್ದು ಅದೊಂದೇ ಸಾಲು. ಕರಡು ನನ್ನ ಮೇಜಿಗೆ ಬಂದಿದ್ದರೆ, ಕ್ಷಮೆಯ ಹೊಳಪು ಮಸುಕಾಗುತ್ತದೆಂದು ಮೊದಲು ಅದನ್ನೇ ಹೊಡೆದುಹಾಕುತ್ತಿದ್ದೆನೇನೋ.