ತಾನಾಗಿ ಹೇಳುವ ಮಾತು

ಹನ್ನೊಂದರಿಂದ ಹದಿನಾಲ್ಕರ ನಡುವಿನ ಮಕ್ಕಳು ಆಪ್ತಸಮಾಲೋಚನೆಗೆ ಬಂದಾಗ ನಾನು ಮೊದಲು ಒಂದು ಏಣಿಯ ಚಿತ್ರವನ್ನು ಮುಂದಿಡುತ್ತೇನೆ. ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು. ತನ್ನ ಬದುಕು ಈಗ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಮಗುವೇ ತೋರಿಸಬೇಕು. ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ರೂಪಿಸಿದ ಈ ಸರಳ ಅಳತೆಯನ್ನೇ, ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 11, 13 ಮತ್ತು 15ರ ವಯಸ್ಸಿನ ಮಕ್ಕಳ ನಡುವೆ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಂತರರಾಷ್ಟ್ರೀಯ ಸಮೀಕ್ಷೆಯೂ ಬಳಸುತ್ತದೆ. ವಯಸ್ಸು ಏರಿದಂತೆ ಬದುಕಿನ ಬಗೆಗಿನ ತೃಪ್ತಿ ಇಳಿಯುವುದೂ, ಆ ಇಳಿತ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿರುವುದೂ, ಮನೆಯವರ ಆಸರೆಯಿದೆ ಎನ್ನುವ ಮಕ್ಕಳು ಮೇಲಿನ ಮೆಟ್ಟಿಲುಗಳನ್ನು ಆರಿಸಿಕೊಳ್ಳುವುದೂ ಅದರಲ್ಲಿ ಕಂಡುಬಂದಿದೆ.

ಇನ್ನೊಂದು ಮೆಟ್ಟಿಲು ಹತ್ತಬೇಕಾದರೆ ಏನಾಗಬೇಕು ಎಂದು ಕೇಳಿದರೆ, 'ನಾನು ಮಾತು ಮುಗಿಸುವವರೆಗೆ ಅಪ್ಪ ಸುಮ್ಮನಿರಬೇಕು' ಎಂಬಂಥ ಉತ್ತರಗಳೇ ಹೆಚ್ಚು. ಹೊರಗೆ ಕುಳಿತ ತಂದೆತಾಯಿಯರ ದೂರು ಇದಕ್ಕೆ ತದ್ವಿರುದ್ಧ: ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ಸ್ವೀಡನ್ನಿನ ಹದಿನಾಲ್ಕು ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ತೋರಿಸಿದ್ದು ಇದನ್ನೇ: ಮಕ್ಕಳ ದಿನಚರಿಯ ಬಗ್ಗೆ ಹೆತ್ತವರಿಗೆ ತಿಳಿದಿರುವುದರ ಬಹುಪಾಲು ವಿಚಾರಣೆಯಿಂದಾಗಲಿ ಕಾವಲಿನಿಂದಾಗಲಿ ಬಂದದ್ದಲ್ಲ, ಮಕ್ಕಳು ತಾವಾಗಿ ಹೇಳಿದ್ದರಿಂದ ಬಂದದ್ದು. ಗೆಳತಿಯೊಂದಿಗೆ ಮಾತು ಬಿಟ್ಟ ಸಂಗತಿಯನ್ನು ಹುಡುಗಿಯೊಬ್ಬಳು ಹೇಳಿಕೊಂಡ ಕೂಡಲೇ 'ತಪ್ಪು ನಿನ್ನದೇ ಇರಬೇಕು' ಎಂದುಬಿಟ್ಟರೆ, ಅಥವಾ ಅದೇ ಮಾತನ್ನು ಮುಂದಿನ ವಾರ ನೆಂಟರೆದುರು ಎತ್ತಿ ಆಡಿದರೆ, ಅವಳು ಎರಡನೆಯ ಸಲ ಹೇಳುವುದಿಲ್ಲ. ಆಗ ಆ ಮನೆಯಲ್ಲಿದ್ದೂ ಅವಳು ಒಂಟಿಯಾಗುತ್ತಾಳೆ.

ಸಣ್ಣಪುಟ್ಟ ವಾಗ್ವಾದಗಳ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಈ ವಯಸ್ಸಿನಲ್ಲಿ ಅವು ಸಹಜ. ಹೆಚ್ಚು ಘಾಸಿ ಮಾಡುವುದು ತಂದೆತಾಯಿಯರ ನಡುವಿನ ತೀರದ ಜಗಳ, ಏಕೆಂದರೆ ಅದಕ್ಕೆ ತಾನೇ ಕಾರಣವೆಂದು ಮಗು ಹಲವು ಬಾರಿ ನಂಬಿರುತ್ತದೆ, ಆ ನಂಬಿಕೆಯನ್ನು ಯಾರೊಂದಿಗೂ ಹೇಳಿಕೊಳ್ಳುವುದಿಲ್ಲ. 'ಇದು ನಮ್ಮಿಬ್ಬರ ವಿಷಯ, ನಿನ್ನಿಂದಾದದ್ದಲ್ಲ' ಎಂದು ದೊಡ್ಡವರು ಬಾಯಿಬಿಟ್ಟು ಹೇಳಲೇಬೇಕು. ಪ್ರಭಾವ ಒಮ್ಮುಖವಲ್ಲ ಎಂಬುದನ್ನೂ ಮರೆಯಬಾರದು: ಬೇಸರಗೊಂಡ ಮಗುವಿನ ಸಿಡುಕಿನಿಂದ ಮನೆಯೂ ಬಿಗಿಯಾಗುತ್ತದೆ. ನಿದ್ದೆ, ಊಟ, ಆಟಗಳಲ್ಲಿ ಎರಡು ವಾರ ಕಳೆದರೂ ಆಸಕ್ತಿ ಮರಳದಿದ್ದರೆ ಅದನ್ನು ವಯಸ್ಸಿನ ಮುನಿಸೆಂದು ಬಿಡದೆ ತಜ್ಞರಿಗೆ ತೋರಿಸಬೇಕು.

ಹೆತ್ತವರಿಗೆ ಮೊದಲ ಭೇಟಿಯಲ್ಲಿ ನಾನು ಒಂದೇ ಕೆಲಸ ಕೊಡುತ್ತೇನೆ. ಒಂದು ವಾರ ಮಗು ಏನೇ ಹೇಳಲಿ, ಸಲಹೆ ಕೊಡುವ ಮೊದಲು 'ಆಮೇಲೆ ಏನಾಯಿತು?' ಎಂದಷ್ಟೇ ಕೇಳಿ, ಉತ್ತರ ಮುಗಿಯುವವರೆಗೆ ಕಾಯಬೇಕು. ಏಣಿಯ ಚಿತ್ರವನ್ನು ಮಗುವಿನ ಮುಂದೆ ಮತ್ತೆ ಇಡುವುದು ಅದಾದ ಬಳಿಕವೇ.